ಮಣ್ಣಿಗೆ ಮುಖವಿಟ್ಟ ಗೊಂಬೆಗಳು

ಒಂದು ಊಹೆ ಮಾಡಿ ನೋಡೋಣ.

ನವರಾತ್ರಿಯ ಏಳನೆಯ ದಿನ. ಸಂಜೆ. ಗೊಂಬೆ ಮಾಡುವ ಆಚಾರ್ಯರೊಬ್ಬರ ಮನೆಗೆ ಊರ ಮಕ್ಕಳೆಲ್ಲ ಗೊಂಬೆ ನೋಡಲು ಬಂದರು. ನೋಡಲು ಬಂದ ಮಕ್ಕಳಿಗೆ ಗೊಂಬೆ ಬಾಗಿನ ಅಂತ ಏನಾದರೊಂದು ತಿಂಡಿ ಕೊಡುವುದು ಪದ್ಧತಿ. ಅವತ್ತು ಕೊಬ್ಬರಿ ಮಿಠಾಯಿ ಇತ್ತು, ಚಕ್ಕುಲಿ ಇತ್ತು. ನಿಜ ಹೇಳಬೇಕೆಂದರೆ ಮಕ್ಕಳು ಬರುವುದೇ ಅದಕ್ಕೆ. ಗೊಂಬೆ ಒಂದು ನೆಪ.

ಅಂಥ ಮಕ್ಕಳು ಅವತ್ತು ಸ್ವಲ್ಪ ಹೊತ್ತಿಗೇ ಎದ್ದು ಓಡಿಹೋದರು. ಒಬ್ಬರೂ ಕೈ ಚಾಚಲಿಲ್ಲ.

ಚಕ್ಕುಲಿ ಬಿಟ್ಟು ಓಡಿದ ಮಕ್ಕಳನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಏನು ನಡೆದಿರಬಹುದು, ಹೇಳಿ.

ಹಾವು ಬಂತು ಅಂತೀರಿ. ಇಲ್ಲ. ಆಚಾರ್ಯರು ಗದರಿದರು ಅಂತೀರಿ. ಅವರು ಜನ್ಮದಲ್ಲಿ ಯಾರನ್ನೂ ಗದರಿದವರಲ್ಲ. ಗದರದೆ ಇರುವುದೇ ಶಿಷ್ಯನಿಗೆ ದೊಡ್ಡ ಶಿಕ್ಷೆಯಾಗಿತ್ತು. ಚಕ್ಕುಲಿ ಸೀದಿತ್ತು ಅಂತೀರಿ. ಅಯ್ಯೋ, ಸೀದ ಚಕ್ಕುಲಿಯನ್ನು ಮಕ್ಕಳು ಬಿಡುತ್ತವೆಯೇ?

ಊಹೆಯನ್ನು ಕೈಯಲ್ಲೇ ಹಿಡಿದುಕೊಂಡು ಮುಂದೆ ಕೇಳಿ.

ಆಚಾರ್ಯರ ಹೆಸರು ಕಾಳಪ್ಪಾಚಾರ್ಯ. ಹೊಳೆಯ ದಂಡೆಯಲ್ಲಿ ಹುಲ್ಲು ಹೊದಿಸಿದ ಮನೆ, ಮುಂದೊಂದು ಜಗಲಿ, ಹಿಂದೆ ಹಾಲೆಮರಗಳು. ಆ ಮರ ತಂದು, ಒಣಗಿಸಿ, ಗೊಂಬೆ ಕೆತ್ತುವುದು ಅವರ ಕಸುಬು. ಇದು ಪಾಳೆಯಗಾರರ ಕಾಲದ ಮಾತು. ಯಾವ ಪಾಳೆಯಗಾರ ಎಂದು ಕೇಳಬೇಡಿ. ಹೊಳೆಗೂ ಅವನ ಹೆಸರು ನೆನಪಿಲ್ಲ.

ಆಚಾರ್ಯರ ಹತ್ತಿರ ಒಬ್ಬ ಶಿಷ್ಯ. ದೇವೀರ ಅಂತ.

ಆಚಾರ್ಯರು ಯಾವ ಗೊಂಬೆಯನ್ನೂ ಚೆನ್ನಾಗಿದೆ ಅಂದವರಲ್ಲ, ಚೆನ್ನಾಗಿಲ್ಲ ಅಂದವರೂ ಅಲ್ಲ. ಗೊಂಬೆ ಮನಸ್ಸಿಗೆ ಬಂದರೆ, "ಬರಿ" ಅನ್ನುವರು. ಆಮೇಲೆ ಆ ದಿನದ ಮಾಸ, ತಿಥಿ, ವಾರ ಹೇಳುವರು. ಶಿಷ್ಯ ಅದನ್ನು ಉಳಿಯ ತುದಿಯಿಂದ ಪೀಠದ ಅಡಿಗೆ ಕೆತ್ತಬೇಕು. ಅದು ಗೊಂಬೆ ಹುಟ್ಟಿದ ದಿನ.

ದಿನವಿಲ್ಲದ್ದು ಒಲೆಗೆ.

ದೇವೀರನ ಯಾವ ಗೊಂಬೆಗೂ ಇನ್ನೂ ದಿನ ಸಿಕ್ಕಿರಲಿಲ್ಲ. ಅವನು ಬಂದ ಮೇಲೆ ಆ ಮನೆಯಲ್ಲಿ ಸೌದೆಗೆ ಬರವಿರಲಿಲ್ಲ ಎಂದು ಊರವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಹೋದ ವರ್ಷದಿಂದ ನಗುವುದು ಬಿಟ್ಟಿದ್ದ.

ಹೋದ ವರ್ಷ ಪಾಳೆಯಗಾರನ ದಂಡು ಹೊಳೆಯಾಚೆಯ ಮೇಲಿನ ಸೀಮೆಯವರ ಮೇಲೆ ಹೋಯಿತು. ದೇವೀರನ ಅಣ್ಣ ಜವರನೂ ಹೋದ. ಹೊಳೆ ದಾಟುವ ಜಾಗದಲ್ಲಿ ಕಾಳಗವಾಯಿತು. ಜವರ ವಾಪಸು ಬರಲಿಲ್ಲ. ದೇವೀರ ಹುಡುಕಿಕೊಂಡು ಹೋದ, ಬರಿಗೈಯಲ್ಲಿ ಬಂದ. ಏನು ನೋಡಿದೆ ಎಂದು ಯಾರು ಕೇಳಿದರೂ ಬಾಯಿ ಬಿಡಲಿಲ್ಲ.

ಬಾಯಿ ಬಿಡದವನು ಕೆತ್ತಿದ.

ಈ ಸಲದ ನವರಾತ್ರಿಗೆ ಆಚಾರ್ಯರ ಗೊಂಬೆಗಳು ಎಂದಿನಂತೆ ಮೆಟ್ಟಿಲ ಮೇಲೆ ಕೂತವು. ಮೇಲೆ ಪಟ್ಟದ ಗೊಂಬೆಗಳು, ರಾಜ ರಾಣಿ. ಕೆಳಗೆ ಮಹಿಷನನ್ನು ಕೊಲ್ಲುತ್ತಿರುವ ಅಮ್ಮ. ಅದರ ಕೆಳಗೆ ಶೆಟ್ಟಿ, ಶೆಟ್ಟಿತಿ, ಅವರ ಅಂಗಡಿ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಖಾಲಿಯಿತ್ತು.

"ಅದು ನಿನ್ನದು" ಅಂದಿದ್ದರು ಆಚಾರ್ಯರು.

ದೇವೀರ ಊಟದ ಮಣೆಯಷ್ಟು ದೊಡ್ಡ ಹಲಗೆಯೊಂದನ್ನು ತಂದು ಅಲ್ಲಿಟ್ಟ.

ಹಲಗೆಯ ಮೇಲೆ ಹೊಳೆಯ ಮರಳು. ಮರಳಿನ ಮೇಲೆ ಹೆಬ್ಬೆರಳುದ್ದದ ಆಳುಗಳು. ಒಬ್ಬನ ಬೆನ್ನಲ್ಲಿ ಮುರಿದ ಈಟಿ. ಒಬ್ಬನಿಗೆ ತೋಳಿಲ್ಲ. ಒಂದು ಕುದುರೆ, ಅಕ್ಕಿಯ ನುಚ್ಚಿನಂಥ ಹಲ್ಲು ಕಿರಿದು ಅಂಗಾತ ಬಿದ್ದಿದೆ. ಒಂದು ಕಾಗೆ, ಮೆಣಸಿನ ಕಾಳಿನಷ್ಟೇ ಇದೆ, ಆದರೆ ಕಾಗೆಯೇ.

ಆಳುಗಳೆಲ್ಲ ಮಣ್ಣಿಗೆ ಮುಖವಿಟ್ಟು ಮಲಗಿದ್ದರು.

ಮಕ್ಕಳು ಬಂದು ಕೂತದ್ದು ಇದರ ಮುಂದೆ, ಎದ್ದು ಓಡಿದ್ದು ಇದರ ಮುಂದಿನಿಂದ. ದೇವೀರ ಚಕ್ಕುಲಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತೇ ಇದ್ದ. ಹೊಳೆಯ ಮೇಲಿನ ಬಿಸಿಲು ಮೆಲ್ಲಗೆ ಹಳದಿಯಾಗಿ, ಕೆಂಪಾಗಿ, ಬೂದಿಯಾಯಿತು.

ಮಕ್ಕಳ ಹಿಂದೆಯೇ ಪಟೇಲ ಚೆನ್ನಬೀರಪ್ಪ ಬಂದ. ಒಳ್ಳೆಯವನೇ. ಜೋರು ಮಾತು.

"ಏನಯ್ಯಾ ದೇವೀರ, ಗೊಂಬೆ ಹಬ್ಬಕ್ಕೆ ಮಸಣ ಕೂರಿಸಿದ್ದೀಯಂತೆ."

"ಕಾಳಗ, ಪಟೇಲ್ರೇ."

ಪಟೇಲ ಬಗ್ಗಿ ನೋಡಿದ. ಬಗ್ಗಿದವನು ಸ್ವಲ್ಪ ಹೊತ್ತು ಹಾಗೇ ಇದ್ದ.

"ಕಾಳಗ ಅಂದ್ರೆ ಕತ್ತಿ ಎತ್ತಿರಬೇಕು, ಬಾವುಟ ಹಾರ್ತಿರಬೇಕು. ಇದರಲ್ಲಿ ಗೆದ್ದವನು ಯಾರು?"

ದೇವೀರ ಚಕ್ಕುಲಿ ತಟ್ಟೆ ಕೆಳಗಿಟ್ಟ.

"ಹೋಗಲಿ, ನಮ್ಮವರು ಯಾರು, ಆಚೆಯವರು ಯಾರು?"

"ಮಣ್ಣು ಮೆತ್ತಿದ ಮೇಲೆ ಗೊತ್ತಾಗಲ್ಲ."

ಪಟೇಲ ಆಚಾರ್ಯರ ಕಡೆ ತಿರುಗಿದ. "ಆಚಾರ್ರೇ, ನಿಮ್ಮ ಶಿಷ್ಯನಿಗೆ ಬಾಯಿ ಮಾತ್ರ ಚೆನ್ನಾಗಿ ಕೆತ್ತಿದ್ದೀರಿ."

ಆಚಾರ್ಯರು ನಕ್ಕರು.

"ನಗಬೇಡಿ. ಗೊಂಬೆ ಅಂದ್ರೆ ಕಣ್ಣಿಗೆ ತಂಪಾಗಬೇಕು. ದಶಮಿ ದಿನ ದಂಡು ಮತ್ತೆ ಹೊರಡುತ್ತೆ. ಸಂಜೆ ಬನ್ನಿಮರದ ಹತ್ರ ನಗಾರಿ ಬಡಿದಾಗ ಊರಿನ ಹರೆಯದವರೆಲ್ಲ ಹೋಗಿ ಸೇರಬೇಕು. ನನ್ನ ಮಗನೂ ಹೊರಟಿದ್ದಾನೆ. ಹೊರಡೋ ಮುಂಚೆ ಅವರು ಇದನ್ನ ನೋಡ್ಕೊಂಡು ಹೋಗಬೇಕಾ? ಇದು ಕಲೆಯಲ್ಲ."

"ಮೇಲಿನ ಮೆಟ್ಟಿಲು ನೋಡಿ, ಪಟೇಲ್ರೇ" ಅಂದ ದೇವೀರ. "ಅಮ್ಮ ಮಹಿಷನ ಹೊಟ್ಟೆಗೆ ಶೂಲ ಹಾಕಿದ್ದಾಳೆ. ಕರುಳು ಈಚೆಗೆ ಬಂದಿದೆ. ಅದಕ್ಕೆ ನೀವು ಆರತಿ ಎತ್ತುತ್ತೀರಿ."

"ಅದು ಪುರಾಣ ಕಣಯ್ಯಾ."

"ಕರುಳು ಅದೇ."

ಉತ್ತರ ಹೊಳೆಯದಿದ್ದಾಗ ದೊಡ್ಡವರು ಮಾಡುವುದನ್ನೇ ಪಟೇಲನೂ ಮಾಡಿದ. ಇನ್ನೊಬ್ಬರ ಮೇಲೆ ಹಾಕಿದ. "ಆಚಾರ್ರೇ, ನೀವೇ ತೀರ್ಮಾನ ಹೇಳಿ. ಕಲೆಯಲ್ಲ ಅಂತ ಒಂದು ಮಾತು ಅನ್ನಿ, ನಾನೇ ಎತ್ತಿ ಹೊಳೆಗೆ ಬಿಡ್ತೀನಿ. ನಿಮಗ್ಯಾಕೆ ಶ್ರಮ."

"ಕೂರಿಸಿದ ಮೆಟ್ಟಿಲನ್ನ ಗೊಂಬೆ ಮಲಗಿಸೋ ತನಕ ಕದಲಿಸಬಾರದಲ್ಲ" ಅಂದರು ಆಚಾರ್ಯರು. "ದಶಮಿ ಸಂಜೆ ಬನ್ನಿ, ಪಟೇಲ್ರೇ. ಎಲ್ಲರನ್ನೂ ಕರ್ಕೊಂಡು ಬನ್ನಿ. ಮಲಗಿಸೋಣ."

ಪಟೇಲ ಗೊಣಗುತ್ತಾ ಹೋದ. ಹೋಗುವಾಗ ಒಂದು ಚಕ್ಕುಲಿ ತೆಗೆದುಕೊಂಡ.

ದೇವೀರ ಗುರುವಿನ ಎದುರು ಕೂತ.

"ಗುರುಗಳೇ, ನೀವು ಹೇಳಲಿಲ್ಲ."

"ಏನನ್ನ?"

"ಇದು ಕಲೆಯೋ ಅಲ್ಲವೋ."

"ಚಕ್ಕುಲಿ ಬಹಳ ಉಳಿದುಬಿಟ್ಟಿದೆ" ಅಂದರು ಆಚಾರ್ಯರು.

"ನಾನು ತಮಾಷೆಗೆ ಕೇಳ್ತಿಲ್ಲ. ಕಲೆಯಲ್ಲ ಅಂದ್ರೆ ನಾನೂ ದಶಮಿಗೆ ದಂಡಿನ ಜೊತೆ ಹೊರಟೆ. ಉಳಿ ಹಿಡಿಯೋಕೆ ಬಾರದ ಕೈ ಕತ್ತಿನಾದ್ರೂ ಹಿಡೀಲಿ. ಅಣ್ಣನ್ನ ಕೊಂದವರು ಆ ಕಡೆ ಇನ್ನೂ ಉಣ್ತಾ ತಿಂತಾ ಇದ್ದಾರೆ."

"ಕಲೆ ಅಂದ್ರೆ?"

"ಇಲ್ಲೇ ಇರ್ತೀನಿ."

"ಒಂದು ಮಾತಿಗೆ ಒಂದು ಜೀವ ಕಟ್ಟಿಬಿಟ್ಟಿದ್ದೀಯ" ಅಂದರು ಆಚಾರ್ಯರು. "ಮಾತಿನ ಹಗ್ಗ ಅಷ್ಟು ಗಟ್ಟಿ ಇರಲ್ಲ ಮಗಾ."

ಆಚಾರ್ಯರು ಹಲಗೆಯ ಹತ್ತಿರ ಸರಿದು ಕೂತರು.

"ಮಕ್ಕಳು ಯಾಕೆ ಓಡಿದರು?" ಅಂದರು ಆಚಾರ್ಯರು.

"ರಕ್ತ ನೋಡಿ."

"ಮಹಿಷನ ರಕ್ತಕ್ಕೆ ಓಡಲಿಲ್ಲ."

"ಸತ್ತವರನ್ನ ನೋಡಿ."

"ಮೊದಲು ಚೆನ್ನಾಗೇ ನೋಡ್ತಿದ್ದವು. ಕಾಗೆ ಎಷ್ಟು ಸಣ್ಣದು ಅಂತ ಬೆರಗಾದವು. ಆಮೇಲೆ ಒಂದು ಹುಡುಗಿ ಇವನನ್ನ ಎತ್ತಿ ತಿರುಗಿಸಿದಳು."

ಆಚಾರ್ಯರು ಕೈ ಚಾಚಿ, ಬೆನ್ನಲ್ಲಿ ಈಟಿ ಮುರಿದಿದ್ದ ಆಳನ್ನು ಎತ್ತಿ, ಅಂಗಾತ ಮಾಡಿ ಅಂಗೈಯಲ್ಲಿಟ್ಟುಕೊಂಡರು.

ಅವನಿಗೆ ಮುಖವಿರಲಿಲ್ಲ.

ಮೂಗಿಲ್ಲ, ಬಾಯಿಲ್ಲ, ಕಣ್ಣಿಲ್ಲ. ಬೋಳು ಮರ. ಇನ್ನೊಬ್ಬನನ್ನು ತಿರುಗಿಸಿದರು. ಅವನಿಗೂ ಇಲ್ಲ. ಹಲಗೆಯ ಮೇಲೆ ಮಲಗಿದ್ದ ಒಬ್ಬನಿಗೂ ಮುಖವಿರಲಿಲ್ಲ.

ನಿಮ್ಮ ಊಹೆಯಲ್ಲಿ ಇದು ಇತ್ತೇ?

"ಯಾರಪ್ಪ ಇವನು?" ಅಂದರು ಆಚಾರ್ಯರು.

"ಒಬ್ಬ ಆಳು. ಸತ್ತವನು." ದೇವೀರ ನೆಲ ನೋಡುತ್ತಿದ್ದ. "ಮಣ್ಣಿಗೆ ಮುಖ ಹಾಕಿ ಮಲಗಿದವನ ಮುಖ ಯಾರು ನೋಡ್ತಾರೆ ಅಂತ ಬಿಟ್ಟೆ."

"ಕಣ್ಣು ಬರೆಯೋ ತನಕ ಗೊಂಬೆಗೆ ಏನಂತೀವಿ?"

ಅದು ಮೊದಲ ದಿನದ ಪಾಠ. "ಕಟ್ಟಿಗೆ."

"ಕಟ್ಟಿಗೆ ಸಾಯುತ್ತಾ?"

ಆಚಾರ್ಯರು ಆ ಆಳನ್ನು ಅವನ ಅಂಗೈಗೆ ಹಾಕಿದರು.

"ಯಾರೂ ಸತ್ತಿಲ್ಲ ಇಲ್ಲಿ" ಅಂದರು ಆಚಾರ್ಯರು. "ಕಟ್ಟಿಗೆಗೆ ಕೆಂಪು ಬಳಿದಿದ್ದೀಯ. ಮೊದಲು ಹುಟ್ಟಿಸು. ಆಮೇಲೆ ಸಾಯಿಸುವೆಯಂತೆ."

"ಮೆಟ್ಟಿಲ ಮೇಲಿಟ್ಟ ಗೊಂಬೆ ಕದಲಿಸಬಾರದು ಅಂದಿರಿ."

"ಗೊಂಬೆಯನ್ನ ಕದಲಿಸಬಾರದು. ಇವು ಇನ್ನೂ ಆಗಿಲ್ಲವಲ್ಲ."

ಮಾರನೆಯ ದಿನ ಅಷ್ಟಮಿ. ಹೊಳೆಯ ಮೇಲೆ ಮಂಜು ಬಿದ್ದಿತ್ತು. ಆಚೆ ದಂಡೆ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ದೇವೀರ ಜಗಲಿಯಲ್ಲಿ ಕೂತು ಮೊದಲನೆಯವನಿಗೆ ಮೂಗು ತೆಗೆದ, ತುಟಿ ತೆಗೆದ. ಆಮೇಲೆ ಅಳಿಲ ಕೂದಲಿನ ಕುಂಚ ತೆಗೆದುಕೊಂಡು ಎರಡು ಕಣ್ಣು ಬರೆದ.

ಆ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಕಣ್ಣು ತೆರೆದ ಗೊಂಬೆ ಮೊದಲು ತನ್ನ ಮುಖ ತಾನು ನೋಡಿಕೊಳ್ಳಬೇಕು. ಆಮೇಲೆ ಲೋಕ. ಅದಕ್ಕೆಂದು ಹರಿವಾಣದಲ್ಲಿ ಹೊಳೆಯ ನೀರು ತುಂಬಿಸಿ ಇಟ್ಟಿರುತ್ತಿದ್ದರು.

ದೇವೀರ ಗೊಂಬೆಯನ್ನು ನೀರಿನ ಮೇಲೆ ಬಗ್ಗಿಸಿ ಹಿಡಿದ. ನೀರು ನಿಂತಿತು. ಕಡಲೆಕಾಳಿನಷ್ಟು ಮುಖ ತನ್ನನ್ನು ತಾನು ನೋಡಿಕೊಂಡಿತು. ಸ್ವಲ್ಪ ಆಶ್ಚರ್ಯವಾದಂತಿತ್ತು ಅದಕ್ಕೆ.

"ಇನ್ನು ಮುಚ್ಚು" ಅಂದರು ಆಚಾರ್ಯರು.

"ಏನು?"

"ಕಣ್ಣು. ರೆಪ್ಪೆ ಬರೆದು ಮುಚ್ಚು. ಸತ್ತಿದ್ದಾನೆ ಅಂದೆಯಲ್ಲ."

"ಈಗ ತಾನೇ ತೆರೆಸಿದಿರಿ. ಮುಚ್ಚೋದೇ ಆಗಿದ್ದರೆ ತೆರೆಸಿದ್ದು ಯಾಕೆ?"

"ಅದನ್ನೇ ನಾನು ದೊರೆಗಳನ್ನ ಕೇಳಬೇಕು ಅಂತಿದ್ದೆ" ಅಂದು ಆಚಾರ್ಯರು ಒಳಗೆ ಹೋದರು.

ದೇವೀರ ರೆಪ್ಪೆ ಬರೆದ. ಎರಡು ಸಲ ಒರೆಸಿ ಮತ್ತೆ ಬರೆದ. ಈಟಿ ಚುಚ್ಚುವಾಗ ಒಂದೇ ಏಟು ಸಾಕಾಗಿತ್ತು, ತೋಳು ಕತ್ತರಿಸುವಾಗಲೂ ಒಂದೇ.

ಎರಡನೆಯವನು. ಮೂರನೆಯವನು. ಮಂಜು ಎದ್ದು ಹೋಗಲಿಲ್ಲ. ಹೊತ್ತು ಎಲ್ಲಿದೆ ತಿಳಿಯಲಿಲ್ಲ. ಒಬ್ಬ ಕಣ್ಣು ಬಿಟ್ಟವನೇ, ನಮ್ಮ ಎಮ್ಮೆ ಕರು ಹಾಕ್ತಾ ಎಂದು ಕೇಳಿದ. ಹಾಕ್ತು, ಹೆಣ್ಣು ಕರು ಅಂದ ದೇವೀರ. ಹೆಸರೇನು ನಿನ್ನದು? ಮುದ್ದ ಅಂದ. ಮುದ್ದನಿಗೆ ಸಮಾಧಾನವಾಯಿತು. ರೆಪ್ಪೆ ಮುಚ್ಚಿಸಿಕೊಂಡ.

ಇನ್ನೊಬ್ಬ ಆಚೆ ಕಡೆಯವನು. ಮಾತಿನ ರಾಗದಲ್ಲೇ ಗೊತ್ತಾಯಿತು. ಅವನ ಹೆಸರು ಲಕ್ಕ. ಅವನು ಕೇಳಿದ್ದೂ ಎಮ್ಮೆಯನ್ನೇ.

ಇದೆಲ್ಲ ನಿಜವಾಗಿ ಕೇಳಿಸಿತೋ, ಊಟವಿಲ್ಲದೆ ಕೂತವನ ಕಿವಿಯೋ, ಯಾರು ಹೇಳಬೇಕು? ದೇವೀರ ಮಾತ್ರ ಒಬ್ಬೊಬ್ಬರಿಗೂ ಉತ್ತರ ಕೊಟ್ಟ. ಆಚೆ ದಂಡೆಯ ಎಮ್ಮೆಯ ಸಂಗತಿ ಅವನಿಗೇನು ಗೊತ್ತು? ಹಾಕ್ತು ಅಂದ. ಹೆಣ್ಣು ಕರುವೇ ಅಂದ.

ಸಂಜೆಗೆ ಒಬ್ಬ ಉಳಿದ. ಕಾಗೆಯ ಹತ್ತಿರ ಮಲಗಿದ್ದವನು. ದೇವೀರ ಅವನಿಗೆ ಮೂಗು ತೆಗೆದ, ತುಟಿ ತೆಗೆದ, ಗದ್ದಕ್ಕೆ ಒಂದು ಗುಳಿ ತೆಗೆದ. ಕಣ್ಣಿನ ಜಾಗಕ್ಕೆ ಬಂದು ನಿಂತ. ಕುಂಚ ಕೆಳಗಿಟ್ಟ.

ಬೆಳಗಾದರೆ ನವಮಿ. ಆಯುಧಪೂಜೆ. ಉಳಿ, ಕೊಡತಿ, ಗರಗಸ, ಕುಂಚಗಳೆಲ್ಲ ಅಮ್ಮನ ಮುಂದೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತವು. ಅವತ್ತು ಅವನ್ನು ಯಾರೂ ಮುಟ್ಟುವಂತಿಲ್ಲ. ದುಡಿದ ಕೈಗೂ ಬಿಡುವು, ದುಡಿದ ಕಬ್ಬಿಣಕ್ಕೂ ಬಿಡುವು.

ದೇವೀರ ಹೊಳೆಯ ದಂಡೆಯಲ್ಲಿ ಆ ಒಬ್ಬನನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದ. ಆಚಾರ್ಯರು ಹರಿವಾಣ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

"ಇವನು ಯಾರು?"

"ಜವರ."

"ನಿನ್ನೆ ಯಾಕೆ ಬಿಟ್ಟೆ?"

"ಕಣ್ಣು ನೆನಪಾಗ್ತಿಲ್ಲ ಗುರುಗಳೇ. ಅಣ್ಣ ಅಂತ ಕಣ್ಣು ಮುಚ್ಚಿದರೆ ಬೆನ್ನು ಬರುತ್ತೆ. ದಂಡಿನ ಜೊತೆ ನಡ್ಕೊಂಡು ಹೋಗ್ತಿರೋ ಬೆನ್ನು."

ಆಚಾರ್ಯರು ಹರಿವಾಣಕ್ಕೆ ನೀರು ತುಂಬಿಸಿದರು.

"ಅಲ್ಲಿ ಹೋಗಿದ್ದೆಯಲ್ಲ, ಹುಡುಕಿಕೊಂಡು" ಅಂದರು.

"ಹೋಗಿದ್ದೆ. ಎಲ್ಲಾ ಹೀಗೇ ಮಲಗಿದ್ದರು, ಮುಖ ಕೆಳಗೆ ಮಾಡ್ಕೊಂಡು. ನಾನು ಅವರ ಮಧ್ಯೆ ನಡೆದೆ." ದೇವೀರ ಅಂಗೈಯ ಗೊಂಬೆಯನ್ನು ಬೋರಲು ಮಾಡಿದ. "ಯಾರನ್ನೂ ತಿರುಗಿಸಿ ನೋಡಲಿಲ್ಲ."

"ಯಾಕೆ?"

"ತಿರುಗಿಸಿದ್ದರೆ ಅಣ್ಣ ಸತ್ತುಹೋಗ್ತಿದ್ದ."

ಒಂದು ಮೀನು ನೀರ ಮೇಲೆ ಎದ್ದು ಬಿತ್ತು. ಉಂಗುರ ದೊಡ್ಡದಾಗುತ್ತಾ ದಂಡೆಗೆ ಬಂದು ಮುಟ್ಟಿತು.

"ಬರಿ ಕಣ್ಣು" ಅಂದರು ಆಚಾರ್ಯರು.

"ಕುಂಚ ಪೂಜೆಗಿದೆ."

"ಗರಿಕೆಗೆ ಯಾರೂ ಕುಂಕುಮ ಹಚ್ಚಿಲ್ಲವಲ್ಲ." ಅಲ್ಲೇ ದಂಡೆಯಲ್ಲಿ ಬೆಳೆದ ಗರಿಕೆಯ ಒಂದು ಎಳೆ ಕಿತ್ತು ಕೊಟ್ಟರು. ಮಡಿಲಿನಿಂದ ಒಂದು ಮಡಕೆ ಚೂರು ತೆಗೆದರು; ಅದರಲ್ಲಿ ದೀಪದ ಮಸಿ ಎಣ್ಣೆಯಲ್ಲಿ ಕಲಸಿತ್ತು. ಎಲ್ಲ ಮೊದಲೇ ತಂದಿದ್ದರು, ಮುದುಕರು.

"ನೆನಪಿಲ್ಲದ್ದನ್ನ ಹೇಗೆ ಬರೀಲಿ?"

"ನೀರಿಗೆ ತೋರಿಸು."

"ಕಣ್ಣು ಬರೆಯೋಕೆ ಮುಂಚೇನಾ?"

"ಇವತ್ತೊಂದು ದಿನ."

ದೇವೀರ ಗೊಂಬೆಯನ್ನು ಹರಿವಾಣದ ಮೇಲೆ ಹಿಡಿದು ಬಗ್ಗಿದ. ನೀರು ಅಲುಗಿ ಅಲುಗಿ ನಿಂತಿತು. ನೀರಲ್ಲಿ ಎರಡು ಮುಖ ಇದ್ದವು. ಒಂದು ಕಡಲೆಕಾಳಿನಷ್ಟು, ಕಣ್ಣಿಲ್ಲದ್ದು. ಇನ್ನೊಂದು ಅವನದೇ.

ಅಣ್ಣತಮ್ಮಂದಿರಿಗೆ ಒಂದೇ ಅಚ್ಚು ಎಂದು ಊರವರು ಹೇಳುತ್ತಿದ್ದರು. ದೇವೀರ ಅದನ್ನು ಎಂದೂ ಒಪ್ಪಿರಲಿಲ್ಲ.

ಬಹಳ ಹೊತ್ತು ನೋಡಿದ. ಬಿಸಿಲು ಭುಜದಿಂದ ಬೆನ್ನಿಗೆ ಇಳಿಯಿತು. ಆಮೇಲೆ ಗರಿಕೆಯನ್ನು ಮಸಿಯಲ್ಲಿ ಅದ್ದಿ, ನೀರಿನಲ್ಲಿದ್ದ ಕಣ್ಣನ್ನು ಮರಕ್ಕೆ ತಂದ. ಎಡಗಣ್ಣು. ಬಲಗಣ್ಣು.

ಜವರ ಅವನನ್ನು ನೋಡಿದ.

"ಮುಚ್ಚು" ಅಂದರು ಆಚಾರ್ಯರು, ಮೆಲ್ಲಗೆ.

"ಆಗಲ್ಲ."

ಆಚಾರ್ಯರು ಬಲವಂತ ಮಾಡಲಿಲ್ಲ. ಮಡಕೆ ಚೂರನ್ನು ಅವನ ಹತ್ತಿರವೇ ಬಿಟ್ಟು ಎದ್ದು ಹೋದರು.

ದಶಮಿಯ ಸಂಜೆ ಊರವರು ಬಂದರು. ಆಳುಗಳೆಲ್ಲ, ಜವರನೂ, ಮತ್ತೆ ಹಲಗೆಯ ಮೇಲೆ ಮಣ್ಣಿಗೆ ಮುಖವಿಟ್ಟು ಮಲಗಿದ್ದರು.

ಗೊಂಬೆ ಮಲಗಿಸುವುದೆಂದರೆ ನಿಮಗೆ ಗೊತ್ತಲ್ಲ, ಹಬ್ಬದ ಕೊನೆಯ ಶಾಸ್ತ್ರ. ಒಂದು ಪಟ್ಟದ ಗೊಂಬೆಯನ್ನು ಹಾಸಿಗೆ ಹಾಸಿ ಮಲಗಿಸಿ, ಆರತಿ ಮಾಡಿ, ಲಾಲಿ ಹಾಡುತ್ತಾರೆ. ಆ ಊರಲ್ಲಿ ಒಂದು ಕಟ್ಟು ಜಾಸ್ತಿ. ಲಾಲಿ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಎದ್ದರೆ ಗೊಂಬೆಗೆ ಎಚ್ಚರವಾಗುತ್ತದೆ. ಎಚ್ಚರವಾದ ಗೊಂಬೆ ವರ್ಷವಿಡೀ ಮನೆಯವರಿಗೆ ನಿದ್ದೆ ಕೊಡುವುದಿಲ್ಲ.

ಲಾಲಿ ಹಾಡುವವಳು ಸಣ್ಣತಾಯಜ್ಜಿ. ಹಲ್ಲಿಲ್ಲ, ಕಂಠ ಇದೆ. ಪ್ರತಿ ವರ್ಷ ಒಂದು ಪದ ಹಾಡಿ, ಒಂದು ಉಂಡೆ ಇಸಿದುಕೊಂಡು ಹೋಗುವವಳು.

ಹರೆಯದವರು ಬಾಗಿಲ ಹತ್ತಿರ ಕೂತರು, ನಗಾರಿ ಕೇಳಿದರೆ ಬೇಗ ಏಳಬಹುದಲ್ಲ. ಪಟೇಲನ ಮಗ ಹೊಸ ಪಟ್ಟಿ ಸೊಂಟಕ್ಕೆ ಬಿಗಿದುಕೊಂಡಿದ್ದ. ಅವನ ಹೊಸ ಮೆಟ್ಟು ಹೊರಗೆ ಜಗಲಿಯ ಕೆಳಗಿತ್ತು. ಪಟೇಲ ಗೋಡೆಗೆ ಒರಗಿ ಕೂತು ಕೆಳಗಿನ ಮೆಟ್ಟಿಲನ್ನು ನೋಡದಿರಲು ಪ್ರಯತ್ನಿಸುತ್ತಿದ್ದ.

ದೇವೀರನ ಪಕ್ಕದಲ್ಲಿ ಒಂದು ಬಟ್ಟೆಯ ಗಂಟಿತ್ತು. ಅದು ಪ್ರಯಾಣಕ್ಕೆ. ಗುರು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ರಾಣಿಯನ್ನು ಮಲಗಿಸಿದರು. ಆರತಿ ಆಯಿತು. ಅಜ್ಜಿ ಹಾಡಿದಳು. ಎಲ್ಲರೂ ಏಳಬೇಕು ಅನ್ನುವಷ್ಟರಲ್ಲಿ ಆಚಾರ್ಯರು ಕೆಳಗಿನ ಮೆಟ್ಟಿಲ ಕಡೆ ಕೈ ತೋರಿಸಿದರು.

"ಇವರೂ ಇದ್ದಾರೆ ತಾಯಿ."

ಅಜ್ಜಿ ತೆವಳಿಕೊಂಡು ಹಲಗೆಯ ಹತ್ತಿರ ಹೋದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಒಬ್ಬನನ್ನು ಎತ್ತಿ ತಿರುಗಿಸಿದಳು.

"ಯಾರಪ್ಪ ಇವನು? ಹೆಸರಿಲ್ಲದವನಿಗೆ ಲಾಲಿ ಹೇಗೆ ಹಾಡಲಿ?"

"ಮುದ್ದ" ಅಂದ ದೇವೀರ.

"ಯಾರನ್ನ ಬಿಟ್ಟು ಬಂದಿದ್ದಾನೆ?"

"ಎಮ್ಮೆ. ಕರು ಹಾಕಿದೆ."

ಯಾರೋ ನಕ್ಕರು. ನಕ್ಕವರೇ ನಿಲ್ಲಿಸಿದರು. ಅಜ್ಜಿ ಮುದ್ದನನ್ನು ಮುಖ ಮೇಲೆ ಮಾಡಿ ಮರಳಿನ ಮೇಲೆ ಮಲಗಿಸಿ, ಸೆರಗಿನ ತುದಿಯಿಂದ ಮುಖದ ಮಣ್ಣು ಒರೆಸಿದಳು. ಹಾಡಿದಳು.

*ಹೊಳೆಯ ದಂಡೆ ಹಾಸಿಗೆ, ಮರಳೇ ತಲೆದಿಂಬು,*
*ಅಳುವೋಳ ಸೆರಗೇ ಹೊದಿಕೆಯು, ಕಂದಯ್ಯ,*
*ಬೆಳಗಾದ್ರೂ ಯಾರು ಎಬ್ಬಿಸರು.*

ಇನ್ನೊಬ್ಬನನ್ನು ತಿರುಗಿಸಿದಳು. "ಇವನು?"

"ಲಕ್ಕ. ಆಚೆ ದಂಡೆಯವನು."

ಜನ ಸ್ವಲ್ಪ ಅಲುಗಿದರು. ಅಜ್ಜಿ ಅಲುಗಲಿಲ್ಲ. "ನಿದ್ದೆಗೆ ಯಾವ ದಂಡೆ" ಅಂದು ಅವನ ಮುಖವನ್ನೂ ಒರೆಸಿದಳು. ಅದೇ ರಾಗ ಎತ್ತಿದಳು.

ಮೂರನೆಯವನಿಗೆ ಹಾಡುತ್ತಿದ್ದಾಗ ಬನ್ನಿಮರದ ಕಡೆಯಿಂದ ನಗಾರಿ ಕೇಳಿಸಿತು.

ಬಾಗಿಲ ಹತ್ತಿರದ ಬೆನ್ನುಗಳು ನೆಟ್ಟಗಾದವು. ಪಟೇಲ ಗಂಟಲು ಸರಿ ಮಾಡಿಕೊಂಡ.

"ಅಜ್ಜಿ, ವರ್ಷಾ ವರ್ಷಾ ಒಂದೇ ಹಾಡು ಅಲ್ವಾ. ಸಾಕು."

"ಒಬ್ಬನೇ ಸತ್ತಿದ್ದರೆ ಒಂದೇ ಸಾಕಿತ್ತು, ಪಟೇಲ್ರೇ" ಅಂದಳು ಅಜ್ಜಿ, ತಿರುಗಿಯೂ ನೋಡದೆ. ನಾಲ್ಕನೆಯವನನ್ನು ಎತ್ತಿಕೊಂಡಳು.

ನಗಾರಿ ಹತ್ತಿರ ಬಂತು. ಊರ ಬೀದಿಯಲ್ಲಿ ಬಂತು. ಹೊಳೆಯ ಹಾದಿಗೆ ಇಳಿಯಿತು. ಪಟೇಲ ಅರ್ಧ ಎದ್ದ. ಬಾಗಿಲ ಹತ್ತಿರ ಕೂತ ಮಗನನ್ನು ನೋಡಿದ. ಮಗ ಅವನನ್ನು ನೋಡುತ್ತಿರಲಿಲ್ಲ. ಅಜ್ಜಿಯ ಕೈಯಲ್ಲಿದ್ದ ಹೆಬ್ಬೆರಳುದ್ದದವನನ್ನು ನೋಡುತ್ತಿದ್ದ. ಪಟೇಲ ಮತ್ತೆ ಕೂತ. ಕೂತು ಹೆಗಲ ಮೇಲಿನ ವಲ್ಲಿಯನ್ನು ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು.

ಹಾಡಿನ ಮೇಲೆ ಹಾಡು. ಮಲಗಿದವನ ಪಕ್ಕದಲ್ಲಿ ಮಲಗಿದವನು. ದೀಪಕ್ಕೆ ಯಾರೋ ಎಣ್ಣೆ ಹಾಕಿದರು. ಹೊರಗೆ ನಗಾರಿ, ಒಳಗೆ ಲಾಲಿ. ಎರಡೂ ಕಲೆತು, ಎಲ್ಲೋ ನೀರಿನ ಅಡಿಯಲ್ಲಿ ಯಾರೋ ಭತ್ತ ಕುಟ್ಟುತ್ತಿರುವಂತೆ ಕೇಳಿಸುತ್ತಿತ್ತು.

"ಇವನೊಬ್ಬ ಉಳಿದ" ಅಂದಳು ಅಜ್ಜಿ.

"ಅವನನ್ನ ಕೊಡಿ ಅಜ್ಜಿ."

ದೇವೀರ ತೆಗೆದುಕೊಂಡ. ತಿರುಗಿಸಿದ. ಜವರ ಕಣ್ಣು ಬಿಟ್ಟುಕೊಂಡೇ ಇದ್ದ.

"ಇವನಿಗೆ ಇನ್ನೂ ಎಚ್ಚರ ಇದೆಯಲ್ಲೋ" ಅಂದಳು ಅಜ್ಜಿ. "ಏನಾಗಬೇಕು ನಿನಗೆ?"

"ಅಣ್ಣ."

ನಗಾರಿ ಈಗ ಮನೆಯ ಮುಂದೆಯೇ ಇತ್ತು. ಹೊರಗಿನಿಂದ ಯಾರೋ ಹೆಸರು ಹಿಡಿದು ಕೂಗುತ್ತಿದ್ದರು. ದೇವೀರನ ಹೆಸರೂ ಬಂತು.

ಅಜ್ಜಿ ಹಾಡಿದಳು. ಈ ಸಲ ಬಹಳ ನಿಧಾನವಾಗಿ.

ದೇವೀರ ಕೈ ಚಾಚಿದ. ಗಂಟಿನ ಕಡೆಗೆ ಹೋಯಿತು ಕೈ. ಗಂಟಿನ ಬಾಯಿ ಬಿಚ್ಚಿತು. ಒಳಗೆ ಬಟ್ಟೆಯ ಮಡಿಕೆಯಲ್ಲಿ ಆ ಮಡಕೆ ಚೂರಿತ್ತು. ಮಸಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಅದನ್ನು ತೆಗೆದು, ತೋರುಬೆರಳು ಒತ್ತಿ, ಅಣ್ಣನ ಎಡಗಣ್ಣು ಮುಚ್ಚಿದ.

ಬಲಗಣ್ಣು ಮುಚ್ಚಿದ.

ಮರಳಿನ ಮೇಲೆ ಮಲಗಿಸಿದ, ಮುಖ ಮೇಲೆ ಮಾಡಿ. ಆಗ ಅವನ ಭುಜ ಅಲುಗತೊಡಗಿತು. ಒಂದು ವರ್ಷದ ಅಳು ಅದು. ಸದ್ದು ಬರಲಿಲ್ಲ, ಗೊಂಬೆಗಳು ಮಲಗಿದ್ದವಲ್ಲ.

ನಗಾರಿ ಇನ್ನೂ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು ನೋಡಿತು. ಆಮೇಲೆ ಮೆಲ್ಲಗೆ ಮುಂದಕ್ಕೆ ಹೋಯಿತು. ಹೊಳೆಯ ತಿರುವಿನಲ್ಲಿ ಸಣ್ಣದಾಯಿತು. ಆಮೇಲೆ ಹೊಳೆ ಮಾತ್ರ ಕೇಳುತ್ತಿತ್ತು.

ಅಜ್ಜಿ ಹಾಡು ನಿಲ್ಲಿಸಿದಳು. ಈಗ ಏಳಬಹುದಿತ್ತು. ಯಾರೂ ಏಳಲಿಲ್ಲ.

ಬಹಳ ಹೊತ್ತಾದ ಮೇಲೆ ಪಟೇಲನ ಮಗ ಹೊರಗೆ ಹೋಗಿ, ತನ್ನ ಹೊಸ ಮೆಟ್ಟನ್ನು ಕಾಲಿಗೆ ಹಾಕದೆ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದ ಹಾಗೆ ಮನೆಯ ಕಡೆ ನಡೆದ. ಒಬ್ಬೊಬ್ಬರೇ ಹಾಗೇ ಹೋದರು. ಪಟೇಲ ಹೊರಡುವಾಗ ಹಲಗೆಯ ಮುಂದೆ ನಿಂತ. ಚಕ್ಕುಲಿ ಮುಟ್ಟಲಿಲ್ಲ.

ಗುರು ಶಿಷ್ಯರಿಬ್ಬರೇ ಉಳಿದರು.

"ಗುರುಗಳೇ" ಅಂದ ದೇವೀರ. "ಈಗಲಾದ್ರೂ ಹೇಳಿ. ಇದು ಕಲೆಯಾ?"

ಆಚಾರ್ಯರು ಅಮ್ಮನ ಮುಂದಿನಿಂದ ಉಳಿಯನ್ನು ಎತ್ತಿಕೊಂಡರು. ಪೂಜೆ ಮುಗಿದಿತ್ತು, ಈಗ ಮುಟ್ಟಬಹುದಿತ್ತು. ಅದರ ಮೇಲಿದ್ದ ಅರಿಶಿನವನ್ನು ಪಂಚೆಗೆ ಒರೆಸಿದರು. ಮಲಗಿದವರು ಕದಲದ ಹಾಗೆ ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಮೇಲಕ್ಕೆತ್ತಿ ಹಿಡಿದುಕೊಂಡರು. ಉಳಿಯನ್ನು ಶಿಷ್ಯನ ಕೈಗೆ ಕೊಟ್ಟರು.

"ಬರಿ. ಆಶ್ವಯುಜ ಶುದ್ಧ ದಶಮಿ, ಗುರುವಾರ. ವಿಜಯದಶಮಿ."